ಛಾಯಾಗ್ರಹಣವೂ ಕಾಯುವ ಧರ್ಮವೂ

ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತ ಓಡಿಹೋಗುವುದೆಂದು ಕನ್ನಡ ನಾಡಿನ ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ಚಳಿಯ ಮೇಲೆ ಹಗೆತನವಿಲ್ಲ. ನಾಲ್ಕು ದಿನವಿದ್ದ ನೆಂಟನು ಹೊರಟು ನಿಂತಾಗ ಮನೆಯವರು ಆಡುವ ನಗೆಮಾತಿನಂತೆ ಅದು. ಇಲ್ಲಿಯ ಚಳಿಯು ಒಂದು ಕಂಬಳಿಗೂ ಒಂದು ಲೋಟ ಬಿಸಿ ಕಷಾಯಕ್ಕೂ ಸೋಲತಕ್ಕದ್ದು. ಅದು ಮುಗಿಯುವುದನ್ನು ದಿನವೆಣಿಸಿ ಕಾಯಬೇಕಾದ ಸಂಕಟವು ಇಲ್ಲಿಯ ಗೃಹಸ್ಥನಿಗೆ ತಿಳಿಯದು. ಭೂಮಿಯ ಉತ್ತರ ಭಾಗದ ದೇಶಗಳಲ್ಲಿ ಹಾಗಲ್ಲ. ಅಮೆರಿಕದ ವರ್ಮಾಂಟ್ ಸೀಮೆ, ಕೆನಡಾ, ಜಪಾನಿನ ಹೊಕ್ಕೈಡೋ ದ್ವೀಪ ಮೊದಲಾದ ಎಡೆಗಳಲ್ಲಿ ವರ್ಷದ ಕೊನೆಯಲ್ಲಿ ಹಿಮದ ಕೆಳಗೆ ಮರೆಯಾದ ನೆಲವು ವಸಂತದವರೆಗೆ ಮತ್ತೆ ಕಣ್ಣಿಗೆ ಬೀಳದಿರುವುದು ಸಾಮಾನ್ಯ. ಮಧ್ಯಾಹ್ನವು ಕಳೆಯುವುದರೊಳಗೆ ಕತ್ತಲಾಗುವುದು. ಮರಗಳಲ್ಲಿ ಎಲೆಯಿಲ್ಲ, ಹೊಲದಲ್ಲಿ ಕೆಲಸವಿಲ್ಲ. ಮನೆಯೊಳಗೆ ಬೆಂಕಿಯ ಬಳಿ ಕುಳಿತವನ ಮನಸ್ಸು ಕ್ರಮವಾಗಿ ಕುಗ್ಗುವುದು.

ಇಂತಹ ಕಾಲವನ್ನು ಕಳೆಯುವುದಕ್ಕೆ ಆ ನಾಡುಗಳ ಜನರು ಕಂಡುಕೊಂಡಿರುವ ಉಪಾಯಗಳಲ್ಲಿ ಒಂದು ಬಹು ಸೊಗಸಾದುದು. ಅವರು ಕಿಟಕಿಯ ಹೊರಗೆ ಒಂದು ತಟ್ಟೆಯಲ್ಲಿ ಸೂರ್ಯಕಾಂತಿಯ ಬೀಜವನ್ನಿರಿಸಿ, ಅಲ್ಲಿಗೆ ಬರುವ ಹಕ್ಕಿಗಳನ್ನು ನೋಡುತ್ತ ಕುಳಿತುಕೊಳ್ಳುವರು. ಇನ್ನು ಕೆಲವರು ಕ್ಯಾಮರಾವನ್ನು ಹೆಗಲಿಗೇರಿಸಿ ಹಿಮದ ಕಾಡಿಗೆ ನಡೆಯುವರು. ಜಿಂಕೆಯ ಹೆಜ್ಜೆ, ನರಿಯ ಬೇಟೆ, ಮಂಜುಗಟ್ಟಿದ ಕೊಂಬೆಯ ಮೇಲೆ ಕೂತ ಗೂಬೆ, ಇವುಗಳ ಚಿತ್ರವನ್ನು ತೆಗೆದು ತಂದು ಮನೆಯವರೊಡನೆ ನೋಡಿ ನಲಿಯುವರು. ಹೀಗೆ ದಿನಗಳು ಸಾಗಿ ವಸಂತವು ಸಮೀಪಿಸುವುದು. ಜೂಜಿಗಿಂತಲೂ ಪರನಿಂದೆಗಿಂತಲೂ ಇದು ಎಷ್ಟೋ ಮೇಲಾದ ವಿನೋದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿರ್ದೋಷವೆಂದು ಎಲ್ಲರೂ ಒಪ್ಪಿದ ವಿನೋದದ ವಿಷಯದಲ್ಲಿಯೇ ವಿಚಾರ ಮಾಡುವುದು ಹೆಚ್ಚು ಅವಶ್ಯ. ಏಕೆಂದರೆ ಅಲ್ಲಿ ತಪ್ಪಿದ್ದರೆ ಅದನ್ನು ಎತ್ತಿ ತೋರಿಸುವವರು ಯಾರೂ ಇರುವುದಿಲ್ಲ.

ವಿಚಾರಕ್ಕೆ ಮೂಲವಾದ ಸಂಗತಿಯು ಇದು. ಕಿಟಕಿಯ ಒಳಗಿರುವವನಿಗೂ ಹೊರಗಿರುವ ಹಕ್ಕಿಗೂ ಚಳಿಗಾಲವು ಒಂದೇ; ಆದರೆ ಅದರ ಅರ್ಥವು ಒಂದೇ ಅಲ್ಲ. ಒಳಗಿನವನಿಗೆ ಅದು ಬೇಸರ, ಹೊರಗಿನದಕ್ಕೆ ಪ್ರಾಣಸಂಕಟ. ವರ್ಮಾಂಟಿನ ಮನೆಗಳ ಮುಂದೆ ಚಳಿಗಾಲವೆಲ್ಲ ಕಾಣಿಸಿಕೊಳ್ಳುವ ಕರಿಟೋಪಿಯ ಚಿಕಡೀ ಎಂಬ ಪುಟ್ಟ ಹಕ್ಕಿಯನ್ನು ತೆಗೆದುಕೊಳ್ಳಬಹುದು. ಅದರ ತೂಕ ಹೆಚ್ಚುಕಡಿಮೆ 11 ಗ್ರಾಂ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತವಿರುವ ರಾತ್ರಿಯಲ್ಲಿ ಈ ಜೀವವು ಮರದ ಪೊಟರೆಯೊಂದರಲ್ಲಿ ಗರಿಗಳನ್ನು ಉಬ್ಬಿಸಿಕೊಂಡು, ತನ್ನ ಮೈಯ ಕಾವನ್ನು ಹಗಲಿನದಕ್ಕಿಂತ ಹತ್ತು ಡಿಗ್ರಿಯಷ್ಟು ತಾನಾಗಿಯೇ ಇಳಿಸಿಕೊಂಡು, ಹಗಲೆಲ್ಲ ಕೂಡಿಟ್ಟ ಅತ್ಯಲ್ಪವಾದ ಕೊಬ್ಬನ್ನು ಎಣ್ಣೆಯಂತೆ ಉರಿಸುತ್ತ ಬೆಳಗನ್ನು ಕಾಯುವುದು. ಬೆಳಗಾಗುವ ಹೊತ್ತಿಗೆ ಆ ಎಣ್ಣೆಯು ಬಹುಮಟ್ಟಿಗೆ ತೀರಿರುವುದು. ಕೂಡಲೇ ಕಾಳನ್ನು ಹುಡುಕಬೇಕು. ಶರತ್ಕಾಲದಲ್ಲಿ ತೊಗಟೆಯ ಬಿರುಕುಗಳಲ್ಲಿ ಒಂದೊಂದಾಗಿ ಅಡಗಿಸಿಟ್ಟ ಬೀಜಗಳನ್ನು ನೆನಪಿನಿಂದ ತೆಗೆಯಬೇಕು. ಒಂದು ಹಗಲು ಆಹಾರ ತಪ್ಪಿದರೆ ಮುಂದಿನ ರಾತ್ರಿಯನ್ನು ದಾಟುವುದು ಕಷ್ಟ.

ದೊಡ್ಡ ಮೃಗಗಳ ಲೆಕ್ಕವು ಇದಕ್ಕಿಂತ ನಿಧಾನವಾದುದು, ಆದರೆ ಲೆಕ್ಕವು ಅದೇ. ಬಿಳಿಬಾಲದ ಜಿಂಕೆಯು ಶರತ್ಕಾಲದಲ್ಲಿ ಮೈಗೂಡಿಸಿಕೊಂಡ ಕೊಬ್ಬಿನಿಂದಲೇ ಹಿಮದ ತಿಂಗಳುಗಳ ಬಹುಭಾಗವನ್ನು ಕಳೆಯಬೇಕು. ಹಿಮವು ಆಳವಾದಾಗ ಜಿಂಕೆಗಳು ಸೂಚಿಪರ್ಣದ ಮರಗಳ ಕೆಳಗೆ ಗುಂಪುಗೂಡಿ, ಒಂದೇ ಜಾಡಿನಲ್ಲಿ ನಡೆದು ದಾರಿಯನ್ನು ಗಟ್ಟಿಮಾಡಿಕೊಂಡು, ಅಲುಗಾಟವನ್ನೇ ಕಡಿಮೆಮಾಡುವುವು. ಗ್ರೌಸ್ ಎಂಬ ಕಾಡುಕೋಳಿಯ ಜಾತಿಯ ಹಕ್ಕಿಗಳು ಮೆತ್ತನೆಯ ಹಿಮದಲ್ಲಿ ಗೂಡು ತೋಡಿ ಅದರೊಳಗೆ ಹುದುಗಿ ಮಲಗುವುವು. ಹಿಮವೇ ಅವಕ್ಕೆ ಕಂಬಳಿ. ನೋಡುವವನಿಗೆ ಶಾಂತಿಯ ಚಿತ್ರದಂತೆ ತೋರುವ ಈ ನಿಶ್ಚಲತೆಯು ನಿಜವಾಗಿ ಕಡುಬಡವನೊಬ್ಬನು ಕೊನೆಯ ಪಡಿ ಅಕ್ಕಿಯನ್ನು ಅಳೆದಳೆದು ಖರ್ಚು ಮಾಡುವ ಜಾಗರೂಕತೆ. ಈ ಮನೆಯ ಮುಂದೆ ನಿಂತು ಚೆಲುವನ್ನು ಸವಿಯುವವನು ತನ್ನ ಆನಂದಕ್ಕೆ ಬೆಲೆ ಕೊಡುವವರು ಯಾರೆಂದು ಕೇಳಿಕೊಳ್ಳಬೇಕಷ್ಟೆ.

ಅಲಂಕಾರ ಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಸಮಾಧಾನವನ್ನು ಹೇಳಬಹುದು. ಪರರ ಸಂಕಟವನ್ನು ನೋಡಿ ಆನಂದಪಡುವುದು ಸಹೃದಯನಿಗೆ ಹೊಸದಲ್ಲ. ಭವಭೂತಿಯ ಉತ್ತರರಾಮಚರಿತದಲ್ಲಿ ರಾಮನು ಸೀತೆಗಾಗಿ ಮರುಗುವುದನ್ನು ಕಂಡು ಪ್ರೇಕ್ಷಕನು ಕಣ್ಣೀರು ಸುರಿಸುವನು; ಆ ಕಣ್ಣೀರಿನಲ್ಲಿಯೇ ಅವನಿಗೆ ಸುಖವುಂಟು. ಶೋಕವು ಕರುಣರಸವಾಗಿ ಪರಿಣಮಿಸಿದಾಗ ಅದು ಆಸ್ವಾದ್ಯವಾಗುವುದೆಂದು ಆಚಾರ್ಯರು ನಿರ್ಣಯಿಸಿರುವರು. ಹಾಗೆಯೇ ಹಿಮದಲ್ಲಿ ನಡುಗುವ ಹಕ್ಕಿಯ ಧೈರ್ಯವನ್ನು ಕಂಡು ವೀರವೂ ಕರುಣವೂ ಬೆರೆತ ರಸವನ್ನು ಅನುಭವಿಸಿದರೆ ತಪ್ಪೇನು?

ಈ ಸಮಾಧಾನವು ಚೆಲುವಾದುದು, ಆದರೆ ಸಾಲದು. ರಂಗದ ಮೇಲೆ ರಾಮನ ವೇಷಧಾರಿಯು ಮೂರ್ಛೆ ಹೋದರೆ ತೆರೆ ಬಿದ್ದ ಮೇಲೆ ಎದ್ದು ಮನೆಗೆ ಹೋಗಿ ಊಟ ಮಾಡುವನು. ಪ್ರೇಕ್ಷಕನ ನಿಟ್ಟುಸಿರಿನಿಂದ ಅವನ ಸಂಕಟವು ಹೆಚ್ಚುವುದಿಲ್ಲ. ಹಿಮದ ಮೇಲಿನ ಹಕ್ಕಿಯು ನಟನಲ್ಲ. ಅದು ಬಿದ್ದರೆ ಮತ್ತೆ ಏಳದು. ಅಷ್ಟೇ ಅಲ್ಲ, ಪ್ರೇಕ್ಷಕನು ಹತ್ತಿರ ಬಂದುದರಿಂದಲೇ ಅದು ಬೀಳುವ ಸಂಭವವುಂಟು. ನಾಟಕಶಾಲೆಯಲ್ಲಿ ನೋಡುವವನಿಗೂ ನೋಡಲ್ಪಡುವವನಿಗೂ ನಡುವೆ ಕವಿಯು ಕಟ್ಟಿದ ಗೋಡೆಯೊಂದಿದೆ. ಕಾಡಿನಲ್ಲಿ ಆ ಗೋಡೆಯನ್ನು ನೋಡುವವನೇ ಕಟ್ಟಿಕೊಳ್ಳಬೇಕು. ರಸಿಕತೆಯು ಅಲ್ಲಿ ಶೀಲದಿಂದ ಪ್ರತ್ಯೇಕವಾಗಿ ನಿಲ್ಲಲಾರದು.

ಸರಿ, ಕ್ಯಾಮರಾದಿಂದ ಪ್ರಾಣಿಗೆ ಆಗುವ ಕೇಡಾದರೂ ಏನೆಂದು ಇನ್ನೊಬ್ಬರು ಕೇಳಬಹುದು. ಈ ಪಕ್ಷಕ್ಕೆ ಇತಿಹಾಸದ ಬಲವಿದೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದವರೆಗೆ ಹಕ್ಕಿಯನ್ನು ಅರಿಯಬೇಕೆಂಬವನು ಮೊದಲು ಅದನ್ನು ಬಂದೂಕದಿಂದ ಕೆಡಹುತ್ತಿದ್ದನು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರಲ್ಲಿ ಹಕ್ಕಿಯ ಗೂಡೊಂದರ ಚಿತ್ರವನ್ನು ತೆಗೆದು, ಮುಂದೆ 1895ರಲ್ಲಿ ಗೂಡುಗಳ ಛಾಯಾಚಿತ್ರಗಳಿಂದ ತುಂಬಿದ ಗ್ರಂಥವನ್ನು ಪ್ರಕಟಿಸಿ, ಕೊಲ್ಲದೆಯೂ ಅರಿಯಬಹುದೆಂದು ತೋರಿಸಿದರು. ಹಕ್ಕಿಗಳು ಬೆದರದಿರಲೆಂದು ಅವರು ಎತ್ತಿನ ತೊಗಲನ್ನು ಚೌಕಟ್ಟಿಗೆ ಹೊದಿಸಿ, ಆ ಹುಸಿ ಎತ್ತಿನ ಹೊಟ್ಟೆಯೊಳಗೆ ತಾಸುಗಟ್ಟಲೆ ಬಾಗಿ ನಿಂತಿರುತ್ತಿದ್ದರು. ಅಮೆರಿಕದ ಜಾರ್ಜ್ ಶಿರಾಸ್ ಎಂಬ ವಕೀಲನು ಬೇಟೆಗಾರನಾಗಿದ್ದವನು ಬಂದೂಕವನ್ನು ಬಿಟ್ಟು ಕ್ಯಾಮರಾವನ್ನು ಹಿಡಿದನು. ಅವನು ರಾತ್ರಿಯ ಕಾಡಿನಲ್ಲಿ ತೆಗೆದ ಮೃಗಗಳ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಚ್ಚಾದಾಗ ಜನರು ಬೆರಗಾದರು. ಕೊಂಬನ್ನು ಗೋಡೆಗೆ ತೂಗುಹಾಕುತ್ತಿದ್ದ ಕೈಗಳು ಚಿತ್ರವನ್ನು ತೂಗುಹಾಕತೊಡಗಿದುದು ಮನುಷ್ಯನ ನಡತೆಯಲ್ಲಿ ಆದ ಒಂದು ನಿಜವಾದ ಏಳಿಗೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಕೊಲ್ಲಲಿಲ್ಲವೆಂದ ಮಾತ್ರಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲವೆಂದು ಆಗುವುದಿಲ್ಲ. ಸ್ವಿಟ್ಸರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಕಪ್ಪು ಗ್ರೌಸ್ ಹಕ್ಕಿಯ ಹಿಕ್ಕೆಯನ್ನು ಪರೀಕ್ಷಿಸಿದ ವಿದ್ವಾಂಸರು, ಹಿಮಕ್ರೀಡೆಗಾಗಿ ಜನರು ಓಡಾಡುವ ಎಡೆಗಳಲ್ಲಿ ಆ ಹಕ್ಕಿಯ ದೇಹದಲ್ಲಿ ಭಯದಿಂದ ಹುಟ್ಟುವ ದ್ರವ್ಯವು ಹೆಚ್ಚಾಗಿರುವುದನ್ನು ಕಂಡರು. ಆ ಜನರಲ್ಲಿ ಯಾರೂ ಹಕ್ಕಿಯನ್ನು ಮುಟ್ಟಿರಲಿಲ್ಲ. ಅನೇಕರು ಅದನ್ನು ನೋಡಿಯೂ ಇರಲಾರರು. ಹಿಮದ ಗೂಡಿನಿಂದ ಒಮ್ಮೆ ಬೆದರಿ ಹಾರಿದ ಹಕ್ಕಿಯು ತನ್ನ ಕಂಬಳಿಯನ್ನು ಕಳೆದುಕೊಂಡು, ಹಾರುವುದಕ್ಕೆ ಕೊಬ್ಬನ್ನು ಸುಟ್ಟು, ಹೊಸ ಗೂಡನ್ನು ತೋಡುವುದಕ್ಕೆ ಇನ್ನಷ್ಟನ್ನು ಸುಡಬೇಕು. ಈ ಕಾರಣದಿಂದಲೇ ಆ ದೇಶದಲ್ಲಿ ಚಳಿಗಾಲದ ವಿಶ್ರಾಂತಿಯ ವಲಯಗಳೆಂದು ಕೆಲವು ಕಾಡುಗಳನ್ನು ಗುರುತಿಸಿ, ಆ ತಿಂಗಳುಗಳಲ್ಲಿ ಅಲ್ಲಿಗೆ ಮನುಷ್ಯರು ಕಾಲಿಡದಂತೆ ಕಟ್ಟುಮಾಡಿರುವರು. ಅಮೆರಿಕದ ಯೆಲ್ಲೋಸ್ಟೋನ್ ಅರಣ್ಯದಲ್ಲಿಯೂ ತೋಳ ಮತ್ತು ಕರಡಿಗಳಿಂದ 100 ಗಜ, ಉಳಿದ ಮೃಗಗಳಿಂದ 25 ಗಜ ದೂರದಲ್ಲಿಯೇ ನಿಲ್ಲತಕ್ಕದ್ದೆಂಬ ನಿಯಮವಿದೆ.

ಇನ್ನು ಬೇಕೆಂದೇ ಮಾಡುವ ಅಪಚಾರದ ಬಗೆಯೊಂದುಂಟು. ಚಳಿಗಾಲದಲ್ಲಿ ಧ್ರುವಪ್ರದೇಶದಿಂದ ಕೆನಡಾದ ದಕ್ಷಿಣಕ್ಕೂ ಅಮೆರಿಕದ ಉತ್ತರಕ್ಕೂ ಬಿಳಿಯ ಹಿಮಗೂಬೆಗಳು ಇಳಿದುಬರುವುವು. ಅವು ಬಯಲಿನಲ್ಲಿ ಗಂಟೆಗಟ್ಟಲೆ ಅಲುಗದೆ ಕುಳಿತಿರುವುವು. ಅಲುಗದ ಗೂಬೆಯ ಚಿತ್ರದಿಂದ ತೃಪ್ತಿಯಾಗದ ಕೆಲವರು ಅಂಗಡಿಯಲ್ಲಿ ಕೊಂಡ ಇಲಿಗಳನ್ನು ಹಿಮದ ಮೇಲೆ ಬಿಟ್ಟು, ಗೂಬೆಯು ರೆಕ್ಕೆ ಹರಡಿ ಉಗುರು ಚಾಚಿ ನೇರವಾಗಿ ಕ್ಯಾಮರಾದ ಕಡೆಗೆ ಎರಗುವಂತೆ ಮಾಡುವರು. ಚಿತ್ರವು ಅದ್ಭುತವಾಗಿರುವುದು. ಆದರೆ ಮನುಷ್ಯನೆಂದರೆ ಆಹಾರವೆಂದು ಕಲಿತ ಗೂಬೆಯು ರಸ್ತೆಯ ಪಕ್ಕಕ್ಕೆ ಬಂದು ವಾಹನಕ್ಕೆ ಸಿಕ್ಕುವ ಅಪಾಯವುಂಟು. ಕಾಯಲಾರದವನ ಆತುರಕ್ಕೆ ಇಲಿಯು ಕೂಡಲೇ ಬಲಿಯಾಗುವುದು, ಗೂಬೆಯು ಮೆಲ್ಲನೆ.

ಛಾಯಾಗ್ರಹಣವೆಂಬ ಶಬ್ದವನ್ನು ಕೇಳಿದಾಗ ರಾಮಾಯಣವನ್ನು ಬಲ್ಲವರಿಗೆ ಸುಂದರಕಾಂಡದ ಸಿಂಹಿಕೆಯ ನೆನಪಾಗದಿರದು. ಹನುಮಂತನು ಸಮುದ್ರವನ್ನು ಲಂಘಿಸುತ್ತಿರುವಾಗ ನೀರಿನಲ್ಲಿ ಬಿದ್ದ ಅವನ ನೆರಳನ್ನು ಆ ರಾಕ್ಷಸಿಯು ಹಿಡಿದುಕೊಂಡಳು. ನೆರಳು ಸಿಕ್ಕಿದೊಡನೆಯೇ ಆಕಾಶದಲ್ಲಿದ್ದ ದೇಹದ ವೇಗವು ಕುಗ್ಗಿತು. ಛಾಯೆಯನ್ನು ಗ್ರಹಿಸಿ ಪ್ರಾಣಿಯನ್ನು ಎಳೆದುಕೊಳ್ಳುವುದೇ ಅವಳ ವೃತ್ತಿ. ಇಂದಿನ ಛಾಯಾಗ್ರಾಹಕನಿಗೂ ಅವಳಿಗೂ ಹೆಸರಿನಲ್ಲಿ ಸಂಬಂಧವಿರುವುದು ಆಕಸ್ಮಿಕ. ಆದರೆ ಈ ಆಕಸ್ಮಿಕದಲ್ಲಿ ಒಂದು ಎಚ್ಚರಿಕೆಯಿದೆ. ನೆರಳನ್ನು ಹಿಡಿದಾಗ ದೇಹದ ನಡೆಗೆ ತಡೆಯಾಗುವುದೋ ಇಲ್ಲವೋ ಎಂಬುದೇ ಪರೀಕ್ಷೆ. ನೆರಳು ಮಾತ್ರ ಸಿಕ್ಕಿ, ಪ್ರಾಣಿಯು ತನ್ನ ದಾರಿಯನ್ನು ತಾನು ಹಿಡಿದುಹೋದರೆ ಅದು ಕಲೆ. ನೆರಳಿನ ಜೊತೆಗೆ ದೇಹವೂ ಜಗ್ಗಿತೆಂದರೆ ಅದು ಸಿಂಹಿಕೆಯ ಕೆಲಸ. ಈಚಿನ ಕನ್ನಡದಲ್ಲಿ ಚಿತ್ರವನ್ನು ‘ಸೆರೆಹಿಡಿದರು’ ಎಂದು ಬರೆಯುವ ರೂಢಿ ಬೆಳೆದಿದೆ. ಮಾತು ಅಲಂಕಾರಕ್ಕಾಗಿ ಆಡಿದುದೇ ಆದರೂ, ಸೆರೆಯೆಂಬುದು ಸೆರೆಯೇ.

ಹಾಗಾದರೆ ಈ ವಿನೋದವನ್ನೇ ತ್ಯಜಿಸಬೇಕೆ? ಹಾಗೆಂದು ವಿಧಿಸುವ ಕಠೋರವಾದಿಗಳೂ ಉಂಟು. ಕಾಡನ್ನು ಕಾಡಿಗೆ ಬಿಟ್ಟು ಮನುಷ್ಯನು ಮನೆಯಲ್ಲಿರಲಿ ಎಂಬುದು ಅವರ ಮತ. ಆದರೆ ನೋಡದೆ ಇದ್ದವನು ಪ್ರೀತಿಸುವುದು ಅಪರೂಪ. ಪ್ರೀತಿಸದವನು ಕಾಪಾಡುವುದು ಅದಕ್ಕಿಂತ ಅಪರೂಪ. ಆದುದರಿಂದ ನೋಡುವುದನ್ನು ನಿಷೇಧಿಸುವುದಕ್ಕಿಂತ, ನೋಡುವ ಬಗೆಯನ್ನು ಶುದ್ಧಿಪಡಿಸುವುದೇ ಯುಕ್ತ. ಆ ಶುದ್ಧಿಯ ಮಾರ್ಗವು ಕಾಯುವುದೆಂಬ ಒಂದು ಶಬ್ದದಲ್ಲಿ ಅಡಗಿದೆಯೆಂದು ತೋರುವುದು.

ಸಂಸ್ಕೃತದಲ್ಲಿ ಕಾಯುವುದಕ್ಕೆ ಪ್ರತೀಕ್ಷೆಯೆಂದು ಹೆಸರು. ಅದರ ಮೂಲದಲ್ಲಿರುವುದು ನೋಡುವುದೆಂಬ ಅರ್ಥದ ಧಾತು. ಬರುವುದರ ಕಡೆಗೆ ಕಣ್ಣಿಟ್ಟಿರುವುದೇ ಪ್ರತೀಕ್ಷೆ. ಕನ್ನಡದ ‘ಕಾಯು’ ಎಂಬ ಧಾತುವಿನಲ್ಲಿ ಬೇರೊಂದು ಸಂಪತ್ತಿದೆ. ನೆಂಟನ ದಾರಿಯನ್ನು ಕಾಯುವವನೂ ಕಾಯುತ್ತಾನೆ. ರಾತ್ರಿ ಮಂಚಿಕೆಯ ಮೇಲೆ ಕುಳಿತು ಹೊಲವನ್ನು ಕಾಯುವವನೂ ಕಾಯುತ್ತಾನೆ. ದನ ಕಾಯುವ ಹುಡುಗನೂ ಕಾಯುತ್ತಾನೆ. ಕಷ್ಟ ಬಂದಾಗ ‘ದೇವರೇ, ಕಾಯಪ್ಪಾ’ ಎಂದು ಮೊರೆಯಿಡುವುದೂ ಅದೇ ಮಾತಿನಿಂದ. ನಿರೀಕ್ಷಿಸುವುದೂ ರಕ್ಷಿಸುವುದೂ ಈ ಭಾಷೆಯಲ್ಲಿ ಒಂದೇ ಕ್ರಿಯೆ. ಎರಡು ಭಾಷೆಗಳ ಅರ್ಥವನ್ನು ಕೂಡಿಸಿಕೊಂಡರೆ, ನೋಡುತ್ತ, ತಾಳುತ್ತ, ಕಾಪಾಡುತ್ತ ಇರುವ ಒಂದು ಸ್ಥಿತಿಯ ವರ್ಣನೆ ದೊರೆಯುವುದು. ಚಳಿಗಾಲದ ಛಾಯಾಗ್ರಾಹಕನ ಧರ್ಮವು ಇಷ್ಟೇ.

ಇಲ್ಲಿ ಒಂದು ಆಕ್ಷೇಪಣೆ ಬರುವುದು. ಬೇಡನೂ ಕಾಯುವನಲ್ಲವೆ? ಕೊಳದ ಅಂಚಿನಲ್ಲಿ ಕೊಕ್ಕರೆಯೂ, ಪೊದೆಯ ಮರೆಯಲ್ಲಿ ಹುಲಿಯೂ ಕಾಯುವುವಲ್ಲವೆ? ಅವರ ತಾಳ್ಮೆಯು ಯಾವ ತಪಸ್ವಿಗೂ ಕಡಿಮೆಯಾದುದಲ್ಲ. ನಿಜ. ತಮಸಾನದಿಯ ತೀರದಲ್ಲಿ ಕ್ರೌಂಚಮಿಥುನವನ್ನು ನೋಡುತ್ತಿದ್ದವರು ಇಬ್ಬರು. ವಾಲ್ಮೀಕಿಯೂ ನೋಡುತ್ತಿದ್ದನು, ಮರೆಯಲ್ಲಿದ್ದ ಬೇಡನೂ ನೋಡುತ್ತಿದ್ದನು. ಇಬ್ಬರ ಕಣ್ಣಿಗೂ ಬಿದ್ದುದು ಅವೇ ಹಕ್ಕಿಗಳು. ಬೇಡನು ಹಕ್ಕಿಗಳ ಕ್ಷಣವು ತನ್ನ ಕ್ಷಣವಾಗಲೆಂದು ಕಾದನು. ಋಷಿಯು ಅವುಗಳ ಕ್ಷಣವು ಅವುಗಳದೇ ಆಗಿರಲೆಂದು ಬಿಟ್ಟು ನಿಂತನು. ಹಕ್ಕಿಯೊಂದು ಬಿದ್ದಾಗ ಋಷಿಯು ಪ್ರೇಕ್ಷಕನಾಗಿ ಉಳಿಯಲಿಲ್ಲ. ಅವನ ಶೋಕದಿಂದ ಕಾವ್ಯವು ಹುಟ್ಟಿತೆಂಬುದನ್ನು ಎಲ್ಲರೂ ಹೇಳುವರು; ಆ ಶೋಕವು ಮೊದಲು ಹಕ್ಕಿಯ ಪರವಾದ ಒಂದು ಕೂಗಾಗಿತ್ತೆಂಬುದನ್ನು ನೆನೆಯುವವರು ಕಡಿಮೆ. ಕಾಯುವುದು ಗುಣವಾಗುವುದು ಕಾಲದ ಉದ್ದದಿಂದಲ್ಲ, ಕಾಯುವವನು ಯಾರ ಪಕ್ಷದಲ್ಲಿರುವನೆಂಬುದರಿಂದ.

ಈ ಬಗೆಯ ಕಾಯುವಿಕೆಗೆ ಚಳಿನಾಡಿನಲ್ಲಿಯೇ ಒಂದು ನಿರ್ಮಲವಾದ ನಿದರ್ಶನವಿದೆ. ವರ್ಮಾಂಟಿನ ಜೆರಿಕೋ ಎಂಬ ಹಳ್ಳಿಯಲ್ಲಿ 1865ರಲ್ಲಿ ಹುಟ್ಟಿದ ವಿಲ್ಸನ್ ಬೆಂಟ್ಲಿ ಎಂಬವನು ವೃತ್ತಿಯಿಂದ ರೈತ. ಬಾಲ್ಯದಲ್ಲಿ ತಾಯಿಯು ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳನ್ನು ನೋಡಿ ಮರುಳಾದನು. ಅದನ್ನು ಕೈಯಿಂದ ಬರೆದುಕೊಳ್ಳಹೋದರೆ ಮುಗಿಸುವುದರೊಳಗೆ ಕರಗುತ್ತಿತ್ತು. ಕೊನೆಗೆ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ, 1885ರ ಜನವರಿ 15ರಂದು ಒಂದು ಹಿಮದ ಹರಳಿನ ಛಾಯಾಚಿತ್ರವನ್ನು ತೆಗೆದನು. ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ನಿಂತು, ಕರಿಯ ಹಲಗೆಯ ಮೇಲೆ ಬಿದ್ದ ಹರಳನ್ನು ಗರಿಯಿಂದ ಮೆಲ್ಲನೆ ಒತ್ತಿ ಗಾಜಿನ ಮೇಲಿರಿಸಿ, ತನ್ನ ಉಸಿರಿನ ಕಾವು ತಗಲಿ ಅದು ಕರಗಬಾರದೆಂದು ಉಸಿರನ್ನು ಬಿಗಿಹಿಡಿದು ಕೆಲಸ ಮಾಡುವನು. ಅಕ್ಕಪಕ್ಕದವರು ನಗುತ್ತಿದ್ದರು. ಹೀಗೆಯೇ ಬದುಕಿನುದ್ದಕ್ಕೂ 5000ಕ್ಕೆ ಮೀರಿದ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ 2400ಕ್ಕೂ ಹೆಚ್ಚು ಚಿತ್ರಗಳುಳ್ಳ ಗ್ರಂಥವು 1931ರಲ್ಲಿ ಹೊರಬಂದಿತು; ಆ ವರ್ಷದ ಡಿಸೆಂಬರಿನಲ್ಲಿಯೇ ಅವನು ತೀರಿಕೊಂಡನು.

ಬೆಂಟ್ಲಿಯ ಬದುಕಿನಲ್ಲಿ ಗಮನಿಸತಕ್ಕ ಅಂಶಗಳು ಎರಡು. ನೆರೆಯವರೆಲ್ಲರೂ ಚಳಿಗಾಲ ಮುಗಿಯಲೆಂದು ಕಾಯುತ್ತಿದ್ದಾಗ ಅವನೊಬ್ಬನು ಅದು ಬರಲೆಂದು ಕಾಯುತ್ತಿದ್ದನು. ದಾಟಿಹೋಗಬೇಕಾದ ಹೊಳೆಯೆಂದು ಇತರರು ಎಣಿಸಿದ ಕಾಲವು ಅವನಿಗೆ ಮೀಯುವ ತೀರ್ಥವಾಯಿತು. ಇದು ಮೊದಲನೆಯದು. ಎರಡನೆಯದು ಅವನ ಉಸಿರು. ನೋಡುವವನ ಇರವೇ ನೋಡಲ್ಪಡುವ ವಸ್ತುವನ್ನು ಕೆಡಿಸಬಲ್ಲದೆಂದು ಅವನಿಗೆ ಪ್ರತಿ ಚಿತ್ರದಲ್ಲಿಯೂ ತಿಳಿಯುತ್ತಿತ್ತು. ಆದುದರಿಂದ ತನ್ನನ್ನು ತಾನು ಕುಗ್ಗಿಸಿಕೊಂಡನು. ಜೀವವಿಲ್ಲದ ಹಿಮದ ಹರಳಿನ ಮುಂದೆ ಒಬ್ಬ ರೈತನು ಇಷ್ಟು ಸಂಕೋಚಪಡುತ್ತಿದ್ದನೆಂದ ಮೇಲೆ, ಜೀವವುಳ್ಳ ಹಕ್ಕಿಯ ಮುಂದೆ ಎಷ್ಟು ಸಂಕೋಚಪಡಬೇಕೆಂಬುದು ಸ್ಪಷ್ಟ. ಹಿಂದೆ ಹೇಳಿದ ಪ್ರಶ್ನೆಗೆ ಇಲ್ಲಿ ಉತ್ತರವು ದೊರೆಯುವುದು. ಆನಂದದ ಬೆಲೆಯನ್ನು ಆನಂದಪಡುವವನೇ ತೆರಬೇಕು. ಚಳಿಯಲ್ಲಿ ನಿಲ್ಲುವುದು, ದೂರದಲ್ಲಿ ನಿಲ್ಲುವುದು, ಬರಿಗೈಯಲ್ಲಿ ಹಿಂದಿರುಗಲು ಒಪ್ಪುವುದು, ಇವೇ ಆ ಬೆಲೆ. ಅದನ್ನು ತಾನು ಕೊಡದೆ ಹಕ್ಕಿಯಿಂದ ಕೊಡಿಸಿದವನು ರಸಿಕನಲ್ಲ, ಸಾಲಗಾರ.

ಆದರೆ ಸುಮ್ಮನೆ ದೂರ ನಿಲ್ಲುವುದಷ್ಟೇ ಕಾಯುವುದಾದರೆ ಕಾಪಾಡುವ ಅರ್ಥಕ್ಕೆ ಎಡೆಯೆಲ್ಲಿ? ಇದಕ್ಕೆ ಹೊಕ್ಕೈಡೋ ದ್ವೀಪದ ಕ್ರೌಂಚಗಳನ್ನು ನೋಡಬಹುದು. ನೆತ್ತಿಯಲ್ಲಿ ಕೆಂಪು ಬೊಟ್ಟುಳ್ಳ ಈ ಬೆಳ್ಳನೆಯ ಹಕ್ಕಿಗಳು ಬೇಟೆಯಿಂದಲೂ ಜೌಗುನೆಲದ ನಾಶದಿಂದಲೂ ಅಲ್ಲಿ ನಿರ್ಮೂಲವಾದುವೆಂದು ಜನರು ನಂಬಿದ್ದರು. 1924ರಲ್ಲಿ ಕುಶಿರೋ ಎಂಬ ಜೌಗುಪ್ರದೇಶದಲ್ಲಿ ಕೆಲವೇ ಹಕ್ಕಿಗಳು ಉಳಿದಿರುವುದು ಕಂಡಿತು. 1952ರಲ್ಲಿಯೂ ಅವುಗಳ ಎಣಿಕೆ 33 ಮಾತ್ರ. ಆ ಕಠಿನವಾದ ಚಳಿಯ ದಿನಗಳಲ್ಲಿ ಸುತ್ತಣ ಹಳ್ಳಿಗಳ ರೈತರು ತಮ್ಮಲ್ಲಿದ್ದ ಜೋಳವನ್ನು ಹಿಮದ ಮೇಲೆ ಚೆಲ್ಲಿ ಅವುಗಳನ್ನು ಉಳಿಸಿದರು. ಇಂದು ಅವುಗಳ ಸಂಖ್ಯೆಯು ಸಾವಿರವನ್ನು ಮೀರಿದೆ. ತ್ಸುರುಯಿ ಎಂಬ ಹಳ್ಳಿಯ ಬಳಿ, ಹೆಪ್ಪುಗಟ್ಟದ ಹೊಳೆಯಲ್ಲಿ ಒಂಟಿಕಾಲಿನ ಮೇಲೆ ನಿಂತು ರಾತ್ರಿಯನ್ನು ಕಳೆದ ಕ್ರೌಂಚಗಳು ಮಂಜಿನ ನಡುವೆ ಎಚ್ಚರಗೊಳ್ಳುವುದನ್ನು ಕಾಣಲು ಛಾಯಾಗ್ರಾಹಕರು ಬೆಳಗಿನ ಜಾವದಲ್ಲಿಯೇ ದೂರದ ಸೇತುವೆಯ ಮೇಲೆ ಸಾಲಾಗಿ ನಿಲ್ಲುವರು. ಅವರ ಇಂದಿನ ಆನಂದವು ಅಂದಿನ ಆ ರೈತರ ಜೋಳದ ಫಲ.

ಗೂಬೆಗೆ ಇಲಿಯನ್ನು ಎಸೆದವನೂ ಆಹಾರ ಕೊಟ್ಟನು, ಕ್ರೌಂಚಕ್ಕೆ ಜೋಳವನ್ನು ಚೆಲ್ಲಿದವನೂ ಆಹಾರ ಕೊಟ್ಟನು. ಒಂದನ್ನು ದೂಷಿಸಿ ಇನ್ನೊಂದನ್ನು ಹೊಗಳುವುದು ಹೇಗೆ? ಭೇದವು ಕೊಟ್ಟ ವಸ್ತುವಿನಲ್ಲಿಲ್ಲ. ಗೂಬೆಗೆ ಹಸಿವಾಗಿತ್ತೋ ಇಲ್ಲವೋ ಎಂಬುದು ಇಲಿಯನ್ನು ಎಸೆದವನಿಗೆ ಬೇಕಾಗಿರಲಿಲ್ಲ. ಚಿತ್ರವು ದೊರೆತೊಡನೆ ಅವನ ದಾನವು ಮುಗಿಯಿತು. ರೈತನು ಕೊಟ್ಟುದು ಹಕ್ಕಿಯ ಹಸಿವನ್ನು ಕಂಡು. ಅವನ ಕೈಯಲ್ಲಿ ಕ್ಯಾಮರಾ ಇರಲಿಲ್ಲ. ಒಂದು ಗಾಳಕ್ಕೆ ಸಿಕ್ಕಿಸಿದ ಹುಳು, ಇನ್ನೊಂದು ಅತಿಥಿಗೆ ಬಡಿಸಿದ ಎಲೆ. ಅಷ್ಟೇ ಅಲ್ಲ, ಒಳ್ಳೆಯ ದಾನಕ್ಕೂ ಮಿತಿಯುಂಟು. ಒಂದೇ ಎಡೆಯಲ್ಲಿ ನೂರಾರು ಹಕ್ಕಿಗಳು ಕೂಡಿದರೆ ರೋಗವು ಹರಡುವ ಭಯವಿದೆಯೆಂದೂ, ಅವು ಕಾಡಿನಲ್ಲಿ ತಾವಾಗಿಯೇ ಬದುಕುವುದನ್ನು ಕಲಿಯಬೇಕೆಂದೂ ಜಪಾನಿನ ಸರಕಾರವು ಈಚಿನ ವರ್ಷಗಳಲ್ಲಿ ಆ ಆಹಾರವನ್ನು ಕ್ರಮಕ್ರಮವಾಗಿ ಕಡಿಮೆ ಮಾಡುತ್ತಿದೆ. ಕಾಪಾಡುವವನಿಗೆ ಕೈ ನೀಡುವುದು ತಿಳಿದಿರಬೇಕು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ತಿಳಿದಿರಬೇಕು. ಮಗುವನ್ನು ನಡೆಯಲು ಕಲಿಸಿದ ಯಾವ ತಾಯಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲವೂ ಹಿಮದ ನಾಡಿನವರಿಗೆ ಸಲ್ಲುವ ಮಾತು, ಬಿಸಿಲ ನಾಡಿನವರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ಆದರೆ ಹಿಮದ ನಾಡಿನ ಚಳಿಗಾಲವು ಕನ್ನಡ ನಾಡಿನ ಕೆರೆಗಳಲ್ಲಿಯೂ ಕಾಯಲ್ಪಡುತ್ತಿದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿವರ್ಷವೂ ಚಳಿ ಮೊದಲಾಗುವಾಗ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುವು. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಈ ಹಕ್ಕಿಗಳ ತೌರು ಟಿಬೆಟ್ಟು, ಮಂಗೋಲಿಯಾ ಮುಂತಾದ ಎತ್ತರದ ನಾಡುಗಳು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ತೌರಿನ ಸರೋವರಗಳು ಹೆಪ್ಪುಗಟ್ಟಿದಾಗ ಅವು ಹಿಮಾಲಯವನ್ನೇ ದಾಟಿ ಬರುವುವು. 7000 ಮೀಟರಿಗೂ ಮೇಲೆ ಅವು ಹಾರಿದುದನ್ನು ಯಂತ್ರಗಳಿಂದ ಅಳೆದಿರುವರು. ಅಲ್ಲಿಯ ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣವು ಅವುಗಳ ರಕ್ತಕ್ಕುಂಟು. ಹಗಲು ಕೆರೆಯ ನೀರಿನಲ್ಲಿ ವಿಶ್ರಮಿಸಿ, ಸುತ್ತಣ ಹೊಲಗಳಲ್ಲಿ ಮೇದು, ಅವು ಇಲ್ಲಿ ಮಾಡುತ್ತಿರುವುದು ಒಂದೇ ಕೆಲಸ: ತೌರಿನಲ್ಲಿ ಚಳಿಗಾಲವು ಮುಗಿಯುವುದನ್ನು ಕಾಯುವುದು. ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾಯಿತು. ಪ್ರಸಿದ್ಧಿಯೊಡನೆ ನೋಡುವವರೂ ಬರುವರು, ಕ್ಯಾಮರಾಗಳೂ ಬರುವುವು. ಬರಲಿ, ಅದು ಸಂತೋಷದ ವಿಷಯವೇ.

ನೀರಿನಲ್ಲಿ ಸುಮ್ಮನೆ ತೇಲುತ್ತಿರುವ ಹಿಂಡಿನ ಚಿತ್ರವು ಸಪ್ಪೆಯೆಂದೂ, ಸಾವಿರ ರೆಕ್ಕೆಗಳು ಒಮ್ಮೆಗೇ ಬಿಚ್ಚಿ ಏಳುವ ಚಿತ್ರವೇ ಚೆಲುವೆಂದೂ ಯಾರಿಗಾದರೂ ತೋರುವುದು ಸಹಜ. ದಂಡೆಯ ಮೇಲೆ ನಿಂತವನು ಒಂದು ಚಪ್ಪಾಳೆ ತಟ್ಟಿದರೆ ಸಾಕು, ಆ ಚಿತ್ರವು ದೊರೆಯುವುದು. ಆ ಚಪ್ಪಾಳೆಯ ಬೆಲೆಯು ದಂಡೆಯವನ ಲೆಕ್ಕದಲ್ಲಿ ಬರೆಯಲ್ಪಡುವುದಿಲ್ಲ. ಹಿಮಾಲಯವನ್ನು ದಾಟುವುದಕ್ಕೆಂದು ಕೂಡಿಡುತ್ತಿದ್ದ ಕೊಬ್ಬಿನಲ್ಲಿ ಪ್ರತಿ ಹಕ್ಕಿಯೂ ಒಂದಿಷ್ಟನ್ನು ಕಳೆದುಕೊಳ್ಳುವುದು. ಮನುಷ್ಯನು ಮಾಡುವ ಪಾಪಗಳಲ್ಲಿ ಎಷ್ಟೋ ಇಂತಹವು: ಮಾಡಿದ ಎಡೆಯಲ್ಲಿ ಅವುಗಳ ಗುರುತು ಉಳಿಯುವುದಿಲ್ಲ. ಅವುಗಳ ಫಲವನ್ನು ಅನುಭವಿಸುವ ಜೀವವು ಸಾವಿರ ಮೈಲಿ ದೂರದಲ್ಲಿ, ಯಾರೂ ನೋಡದ ಕಣಿವೆಯೊಂದರ ಮೇಲೆ, ಒಂಟಿಯಾಗಿರುವುದು.

ಅದೇ ದಂಡೆಯ ಮೇಲೆ ಇನ್ನೊಬ್ಬನು ಕೈಕಟ್ಟಿ ಕುಳಿತಿರಬಹುದು. ಬೆಳಗಿನಿಂದ ಕುಳಿತವನ ಕಾಲು ಜೋಮುಗಟ್ಟಿರುವುದು, ಹಿಂಡು ಎದ್ದಿಲ್ಲ. ಪಕ್ಕದ ಹೊಲದ ಹುಡುಗರು ಕಲ್ಲೆಸೆಯಲು ಬಂದರೆ ಅವರನ್ನು ಕರೆದು, ಆ ಹಕ್ಕಿಗಳು ಎಲ್ಲಿಂದ ಬಂದುವೆಂದು ಹೇಳುವನು. ದೂರದರ್ಶಕವನ್ನು ಅವರ ಕಣ್ಣಿಗೆ ಹಿಡಿದು ತಲೆಯ ಪಟ್ಟೆಗಳನ್ನು ಎಣಿಸಹೇಳುವನು. ಕಲ್ಲು ಕೈಯಿಂದ ಜಾರುವುದು. ಅಂದು ಅವನಿಗೆ ಹೇಳಿಕೊಳ್ಳುವಂತಹ ಚಿತ್ರವೊಂದೂ ದೊರೆಯದಿರಬಹುದು. ಆದರೂ ಅವನು ಕಾದನು, ಕನ್ನಡದಲ್ಲಿ ಆ ಮಾತಿಗಿರುವ ಎರಡು ಅರ್ಥಗಳಲ್ಲಿಯೂ. ಶಿವರಾತ್ರಿಯ ಹೊತ್ತಿಗೆ ಇಲ್ಲಿಯ ಚಳಿ ಹೋಗುವುದು. ಕೆಲವು ದಿನಗಳಲ್ಲಿ ಹೆಬ್ಬಾತುಗಳೂ ಯಾರೂ ಎಬ್ಬಿಸದೆ ತಾವಾಗಿಯೇ ಎದ್ದು, ಕೆರೆಯ ಮೇಲೆ ಒಂದು ಸುತ್ತು ಬಂದು, ಸಾಲುಗಟ್ಟಿ ಉತ್ತರಕ್ಕೆ ಹೊರಡುವುವು. ಆಗ ದಂಡೆಯಲ್ಲಿರುವವನಿಗೆ ಅವುಗಳ ಚಿತ್ರವು ಸಿಕ್ಕಿದರೆ ಅದು ಅವನಿಗೆ ಸಂದ ಪ್ರಸಾದ. ಸಿಕ್ಕದಿದ್ದರೆ, ಅವು ತುಂಬಿದ ಮೈಯಿಂದ ಹೊರಟುವೆಂಬುದನ್ನು ಕಂಡ ಸಂತೋಷವಂತೂ ಅವನದೇ.